ಅತ್ತೆಯ ಏಳನೇ ನದಿ

ನಮ್ಮ ಮನೆಯವರೆಲ್ಲ ಒಟ್ಟಿಗೆ ಹೊರಟರೆ ಹೆಸರಘಟ್ಟದ ಕೆರೆಗೆ ಹೋಗಿ ಬರುವಷ್ಟರಲ್ಲೇ ಏನಾದರೊಂದು ಆಗಿರುತ್ತದೆ. ಒಮ್ಮೆ ಚಿತ್ರಾನ್ನದ ಡಬ್ಬಿ ಮನೆಯಲ್ಲೇ ಉಳಿದು, ಇಸ್ತ್ರಿಗೆ ಕೊಡಬೇಕಿದ್ದ ಬಟ್ಟೆಯ ಗಂಟು ನಮ್ಮ ಜತೆ ಕೆರೆ ನೋಡಲು ಬಂದಿತ್ತು. ಇಂಥವರನ್ನು ಕಟ್ಟಿಕೊಂಡು ಲಡಾಖಿನವರೆಗೆ ಹೋದರೆ ಏನೇನಾಗಬಹುದು ಎಂದು ನಾನು ಮೊದಲೇ ಊಹಿಸಬೇಕಿತ್ತು. ಗಣಿತ ಹೇಳಿಕೊಡುವವಳು ನಾನು, ಅಷ್ಟಾದರೂ ಲೆಕ್ಕ ಬರಬೇಕಿತ್ತು.

ಆರ್.ಟಿ. ನಗರದ ಶಾಲೆಯೊಂದರಲ್ಲಿ ನನ್ನ ಕೆಲಸ, ಮನೆ ಅಲ್ಲಾಳಸಂದ್ರದಲ್ಲಿ. ಮನೆಯಲ್ಲಿ ನಾವು ಐದು ಜನ. ನಮ್ಮತ್ತೆ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿರುವ ನಮ್ಮನೆಯವರು, ಐದನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ಮತ್ತು ಇವರೆಲ್ಲರನ್ನೂ ನೋಡುತ್ತಾ ನಿಲ್ಲುವ ನಾನು. ಇದು ಎರಡು ಸಾವಿರದ ಹದಿನಾಲ್ಕರ ಸುಮಾರಿನ ಬೇಸಿಗೆ ರಜೆಯ ಮಾತು.

ನದಿ ಸಿಕ್ಕಿದ್ದು

ನಮ್ಮತ್ತೆ ಹೆಸರಘಟ್ಟದ ಕಡೆಯ ಹಳ್ಳಿಯವರು. ಓದಿದ್ದು ಮೂರನೇ ಕ್ಲಾಸು. ಆದರೆ ಸ್ನಾನದ ಮೊದಲ ಚೊಂಬು ನೀರು ತಲೆಗೆ ಬೀಳುವಾಗ ಏಳು ನದಿಗಳ ಹೆಸರು ಹೇಳದ ದಿನವಿಲ್ಲ. ಮಂತ್ರದಲ್ಲಿ ಗಂಗೆ ಮೊದಲು ಬಂದರೆ ಇವರಲ್ಲಿ ಕಾವೇರಿ ಮೊದಲು, ಯಾಕೆಂದರೆ ವಾರಕ್ಕೆ ಎರಡು ಸಲ ನಲ್ಲಿಯಲ್ಲಿ ಬರುವುದು ಅವಳೇ. ಆಮೇಲೆ ಗೋದಾವರಿ, ನರ್ಮದೆ, ಗಂಗೆ, ಯಮುನೆ, ಸರಸ್ವತಿ. ಕೊನೆಗೆ ಸಿಂಧು, ಸ್ವಲ್ಪ ಸಣ್ಣ ದನಿಯಲ್ಲಿ.

ಸಣ್ಣ ದನಿಗೆ ಕಾರಣವಿತ್ತು. ಮಾವನವರ ಜತೆ ಯಾತ್ರೆಯ ಬಸ್ಸುಗಳಲ್ಲಿ ಹೋಗಿ ಹೋಗಿ ಆರು ನದಿಗಳ ಸ್ನಾನ ಮುಗಿಸಿದ್ದರು. ಸರಸ್ವತಿ ಕಣ್ಣಿಗೆ ಕಾಣದಿದ್ದರೂ ಪ್ರಯಾಗದಲ್ಲಿ ಅವಳದ್ದೂ ಸೇರಿಸಿಕೊಂಡಿದ್ದರು. ಸಿಂಧು ಮಾತ್ರ ಪಾಕಿಸ್ತಾನದ ಪಾಲಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅಲ್ಲಿಗೇ ಕೈಬಿಟ್ಟಿದ್ದರು. ಮಾವ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಒಂದು ಸಂಜೆ ಮಗಳು ನಕಾಶೆಗೆ ಬಣ್ಣ ಹಚ್ಚುತ್ತಾ ಕೂತಿದ್ದವಳು, "ಅಜ್ಜಿ, ಸಿಂಧು ನದಿ ನಮ್ಮ ದೇಶದಲ್ಲೂ ಇದೆ. ನೋಡು, ಲಡಾಖಲ್ಲಿ" ಎಂದಳು.

ಅತ್ತೆ ಕನ್ನಡಕ ಹಾಕಿಕೊಂಡು ನೀಲಿ ಗೆರೆಯನ್ನು ಬಹಳ ಹೊತ್ತು ನೋಡಿದರು. "ಯಾವಾಗ್ನಿಂದ ಐತೆ?"

"ಮೊದಲಿಂದಾನೂ ಇದೆ ಅಜ್ಜಿ."

"ಮೊದ್ಲಿಂದ್ಲೂ ಇದ್ದಿದ್ದು ಇಷ್ಟು ವರ್ಸ ಯಾರಾನಾ ಬಾಯಿ ಬಿಟ್ರಾ? ಸರ್ಕಾರದೋರು ಒಂದು ಬೋಲ್ಡ್ ಆಕ್ಬಾರ್ದಾ?"

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ ತೀರ್ಮಾನ ಹೇಳಿಬಿಟ್ಟರು. "ಅಲ್ಲಿಗೆ ಓಗಾನ. ಎಲ್ಡು ಮುಳುಗು ಆಕ್ಬೇಕು. ಒಂದು ನಂದು, ಒಂದು ನಿಮ್ಮಪ್ಪಂದು. ಇಬ್ರುದೂ ಏಳು ಆಗೋದ್ರೆ ನಂಗಿನ್ನೇನೂ ಬ್ಯಾಡ." ನಮ್ಮನೆಯವರ ಎಲ್‌ಟಿಸಿ ರಜೆ ಹೇಗೂ ಮಿಕ್ಕಿತ್ತು. ಅಪ್ಪನ ಹೆಸರು ಬಂದ ಮೇಲೆ ಅವರಿಗೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮಾರನೇ ಬೆಳಗ್ಗೆ ಅಲ್ಲಾಳಸಂದ್ರದ ಕೆರೆ ಸುತ್ತ ವಾಕಿಂಗ್ ಮಾಡುವ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತು. ಅವರಲ್ಲೊಬ್ಬರು ಇವರ ಹಾಗೆಯೇ ಆರು ನದಿಗೆ ನಿಂತುಹೋದವರು. ಹೊಟ್ಟೆಕಿಚ್ಚನ್ನು ಆದಷ್ಟು ಅಡಗಿಸಿಕೊಂಡು, "ನಂಗೂ ಒಂದು ಬಾಟ್ಲಿ ನೀರು ತಂದ್ಕೊಡಿ ಅಕ್ಕಾ" ಎಂದರಂತೆ.

ನಮ್ಮತ್ತೆ ನಡಿಗೆ ನಿಲ್ಲಿಸದೆ, "ತರ್ತೀನಿ ಬುಡಮ್ಮ. ಬಾಟ್ಲಿ ಒಳಿಕ್ಕೆ ಎಂಗೆ ಇಳೀತೀಯಾ ಅಂತ ನೋಡ್ಕೋ" ಅಂದರಂತೆ.

ಐಸ್ ಟ್ರೇ

ಹೊರಡುವ ಮುಂಚೆ ಅತ್ತೆಯನ್ನು ಯಲಹಂಕದ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಿ.ಪಿ. ನೋಡಿ, ಎದೆಗೆ ಕೊಳವೆ ಇಟ್ಟು ನೋಡಿ, ನಿಧಾನವಾಗಿ ಹೇಳಿದರು. "ಧಾರಾಳವಾಗಿ ಹೋಗಿ ಬನ್ನಿ ಅಮ್ಮಾ. ಆದ್ರೆ ಆ ನದಿ ನೀರಲ್ಲಿ ಮುಳುಗೋದು ಗಿಳುಗೋದು ಬೇಡ. ಅದು ನೀರಲ್ಲ, ಈಗ ತಾನೇ ಕರಗಿರೋ ಐಸು. ಎರಡು ಹನಿ ತಲೆಗೆ ಚಿಮುಕಿಸ್ಕೊಳ್ಳಿ, ಸಾಕು."

ಅತ್ತೆ ಪ್ರತಿಯೊಂದು ಮಾತಿಗೂ ತಲೆಯಾಡಿಸಿದರು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಡಾಕ್ಟರ ಮಾತನ್ನು ಪೂರ್ತಿಯಾಗಿ ಒಪ್ಪಿಸಿದರು. "ಧಾರಾಳವಾಗಿ ಓಗ್ಬನ್ನಿ ಅಂದ್ರು. ಒಳ್ಳೆ ಡಾಕ್ಟ್ರು."

ಆ ವಾರದಿಂದ ನಮ್ಮ ಫ್ರಿಜ್ಜಿನ ಐಸ್ ಟ್ರೇಗಳು ಬೆಳಗಾಗುವಷ್ಟರಲ್ಲಿ ಖಾಲಿಯಾಗತೊಡಗಿದವು. ಮಗಳು ತಮ್ಮನ ಮೇಲೆ ಹಾಕಿದಳು. ಅವನು ಅಕ್ಕನ ಮೇಲೆ ಹಾಕಿದ. ನಾನು ಇಬ್ಬರಿಗೂ ಬೈದೆ, ಶಾಲೆಯಲ್ಲೂ ನಾವು ಮಾಡುವುದು ಇದನ್ನೇ. ಒಂದು ಬೆಳಗ್ಗೆ ಬೇಗ ಎದ್ದು ಬಚ್ಚಲಿನ ಕಡೆ ಹೋದರೆ, ಅರ್ಧ ತೆರೆದ ಬಾಗಿಲಿನಲ್ಲಿ ಅತ್ತೆ ಬಕೆಟ್ಟಿನ ಮುಂದೆ ಕೂತು, ಟ್ರೇ ಬಗ್ಗಿಸಿ ಐಸಿನ ತುಂಡುಗಳನ್ನು ಒಂದೊಂದಾಗಿ ನೀರಿಗೆ ಹಾಕುತ್ತಿದ್ದರು.

"ಅತ್ತೆ, ಇದೇನಿದು!"

ಅವರು ಒಂಚೂರೂ ಗಾಬರಿಯಾಗಲಿಲ್ಲ. "ನಿಮ್ ಇಸ್ಕೂಲಾಗೆ ಪರೀಕ್ಸೆಗೆ ಮುಂಚೆ ಪ್ರಿಪರೇಟ್ರಿ ಅಂತ ಮಾಡಿಸ್ತೀರಲ್ಲಾ? ಅದನ್ನ ಮಾಡ್ತಾ ಇವ್ನಿ."

ನಾನು ಮೆಲ್ಲಗೆ ಬಾಗಿಲು ಎಳೆದುಕೊಂಡೆ. ಗಂಡನಿಗೂ ಹೇಳಲಿಲ್ಲ. ಅವತ್ತು ಸಂಜೆ ನಾನೇ ಅಂಗಡಿಯಿಂದ ಇನ್ನೂ ಎರಡು ಟ್ರೇ ತಂದೆ.

ವಿಮಾನ ನಿಲ್ದಾಣದಲ್ಲಿ ಕಾಯಿಲ್

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೈಚೀಲ ತೆಗೆಸುತ್ತಾರೆಂದು ನಾನು ಸಿದ್ಧಳಾಗಿದ್ದೆ. ಅದರಲ್ಲಿ ಅವರ ಮದುವೆಯ ಹಿತ್ತಾಳೆ ಚೊಂಬು, ಅರಿಶಿನ ಕುಂಕುಮ, ಮೂರು ಬಣ್ಣದ ಚಟ್ನಿಪುಡಿ ಇದ್ದವು. ಆದರೆ ಅದು ಸುಸೂತ್ರವಾಗಿ ದಾಟಿತು. ಸಿಕ್ಕಿಬಿದ್ದದ್ದು ನಮ್ಮನೆಯವರ ಬ್ಯಾಗು.

ಅಲ್ಲಿದ್ದ ಮಹಿಳಾ ಅಧಿಕಾರಿ ಒಂದು ಟವೆಲ್ಲು ಬಿಚ್ಚಿ ಅದರೊಳಗಿಂದ ತೆಗೆದದ್ದು ನೀರು ಕಾಯಿಸುವ ಕಾಯಿಲ್. ಗೀಸರ್ ಬರುವ ಮುಂಚೆ ನಮ್ಮ ಬಚ್ಚಲಲ್ಲಿ ಬಕೆಟ್ಟಿಗೆ ಇಳಿಬಿಡುತ್ತಿದ್ದದ್ದು. "ಇದು ಯಾಕೆ?" ಎಂದು ಆಕೆ ಹಿಂದಿಯಲ್ಲಿ ಕೇಳಿದರು. ಅದೇ ಪ್ರಶ್ನೆಯನ್ನು ಅತ್ತೆ ಕನ್ನಡದಲ್ಲಿ ಕೇಳಿದರು.

ನಮ್ಮನೆಯವರು ಮೊದಲು ಅಮ್ಮನಿಗೇ ಉತ್ತರ ಕೊಟ್ಟರು. "ಅಮ್ಮಾ, ಬೈಬೇಡ. ನೀನು ನದಿಗೆ ಇಳಿಯೋದು ಬೇಡ. ನಾನೇ ಎರಡು ಕ್ಯಾನು ನೀರು ರೂಮಿಗೆ ತರ್ತೀನಿ, ಇದ್ರಲ್ಲಿ ಕಾಯಿಸ್ಕೊಡ್ತೀನಿ. ಬಿಸಿಬಿಸಿಯಾಗಿ ಸ್ನಾನ ಮಾಡು. ನೀರು ಅದೇ ತಾನೇ?"

"ಅಂದ್ರೆ ನೀನು ಸಿಂಧೂನ ಕಾಯ್ಸಕ್ಕೆ ಅಲ್ಲಾಳಸಂದ್ರದಿಂದ ಕಾಯಿಲ್ ಒತ್ಕಂಡು ಬಂದಿದೀಯಾ?"

"ಅಮ್ಮಾ, ಮೆಲ್ಲಗೆ ಮಾತಾಡು."

ನಮ್ಮ ಹಿಂದಿನ ಸಾಲು ಬೆಳೆಯುತ್ತಿತ್ತು. ಅಧಿಕಾರಿ, ಈ ಹಿರಿಯರು ಏನೆನ್ನುತ್ತಿದ್ದಾರೆ ಎಂದು ನಮ್ಮನ್ನೆಲ್ಲ ನೋಡಿದರು. ಶಾಲೆಯಲ್ಲಿ ಹಿಂದಿಗೆ ಒಳ್ಳೆಯ ಅಂಕ ತೆಗೆಯುವ ಮಗಳು ಮುಂದೆ ಬಂದು, ಅಕ್ಷರ ಬಿಡದೆ ಅನುವಾದಿಸಿದಳು. ನಮ್ಮಪ್ಪ ಸಿಂಧು ನದಿಯನ್ನು ಬಿಸಿ ಮಾಡಲು ಇದನ್ನು ತೆಗೆದುಕೊಂಡು ಹೋಗುತ್ತಿದ್ದಾರೆ ಎಂದು.

ಆಕೆ ಕಾಯಿಲನ್ನೊಮ್ಮೆ, ನಮ್ಮನೆಯವರನ್ನೊಮ್ಮೆ ನೋಡಿ, ಇಷ್ಟು ಚಿಕ್ಕದರಿಂದ ಯಾವ ಕಾಲಕ್ಕೆ ಆದೀತು ಎಂದರು. ದೊಡ್ಡ ಸಾಮಾನಿನ ಜತೆ ಹಾಕಿ ಬರಲು ಅವರನ್ನು ವಾಪಸು ಕಳಿಸಿದರು.

ಮಾತು ಕಡಿಮೆ, ನಡಿಗೆ ನಿಧಾನ

ಲಡಾಖ್ ಹಿಮಾಲಯದ ಬೆನ್ನಿಗಿರುವ ಮರುಭೂಮಿ. ಮಳೆಯಿಲ್ಲ, ಮರವಿಲ್ಲ, ಎಲ್ಲಿ ನೋಡಿದರೂ ಬೋಳು ಬೆಟ್ಟ, ಮಧ್ಯೆ ಎಲ್ಲಾದರೂ ಒಂದು ನದಿ ಮತ್ತು ಅದರ ಬದಿಗೆ ಅಂಟಿಕೊಂಡ ಹಸಿರು. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಮೊದಲ ಎರಡು ದಿನ ಸುಮ್ಮನೆ ಮಲಗಿರಬೇಕು ಎನ್ನುತ್ತಾರೆ.

ನಮ್ಮನೆಯವರು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಓದಿ, ಹನ್ನೊಂದು ನಿಯಮಗಳ ಒಂದು ಹಾಳೆ ಮಾಡಿ, ನಮಗೆಲ್ಲ ಒಂದೊಂದು ಪ್ರತಿ ಕೊಟ್ಟಿದ್ದರು. ಇನ್ನೂ ಅಕ್ಷರ ಕೂಡಿಸಿ ಓದುವ ಮಗನಿಗೂ ಕೊಟ್ಟಿದ್ದರು. ಲೇಹ್‌ನ ಗೆಸ್ಟ್‌ಹೌಸು ತಲುಪಿದ ಕೂಡಲೇ ಜಗಲಿಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಅದನ್ನು ಮತ್ತೊಮ್ಮೆ ಓದಿದರು. ಓಡಬಾರದು. ಮೆಟ್ಟಿಲು ಹತ್ತಬಾರದು. ಮಾತು ಕಡಿಮೆ ಮಾಡಬೇಕು. ಅಮ್ಮನಂತೂ ಮಂಚದಿಂದ ಇಳಿಯಲೇಬಾರದು. ಒಂಬತ್ತನೇ ನಿಯಮಕ್ಕೆ ಬರುವಷ್ಟರಲ್ಲಿ ಅವರ ಮುಖ ಬೆಳ್ಳಗಾಯಿತು. ಹತ್ತನೆಯದನ್ನು ಓದುವಾಗ ಅಲ್ಲೇ ಕುರ್ಚಿಯ ಮೇಲೆ ಕುಸಿದರು.

ನಾವು ಗೊತ್ತುಮಾಡಿದ್ದ ಕಾರಿನ ಡ್ರೈವರ್ ಲಡಾಖಿನವನೇ, ನಿಧಾನಸ್ಥ. ಅವನೇ ಓಡಿಹೋಗಿ ಡಾಕ್ಟರನ್ನು ಕರೆತಂದ. ಒಂದು ದಿನ ಪೂರ್ತಿ ವಿಶ್ರಾಂತಿ, ನಡುನಡುವೆ ಆಮ್ಲಜನಕ. ಮೂಗು ಬಾಯಿಗೆ ಮಾಸ್ಕು ಕಟ್ಟಿಸಿಕೊಂಡು ಮಲಗಿದ್ದರೂ ಕೈಸನ್ನೆಯಲ್ಲಿ ನಮಗೆ ನಿಯಮ ಹೇಳುವುದನ್ನು ಅವರು ಬಿಡಲಿಲ್ಲ. ಮಗ ಮಂಚದ ಪಕ್ಕ ನಿಂತು ಬೆರಗಾಗಿ ನೋಡಿ, "ಅಪ್ಪಾ, ಯಲಹಂಕ ಏರ್‌ಶೋ ಪೈಲಟ್ ಥರಾನೇ ಕಾಣ್ತಿದೀಯ!" ಎಂದ.

ಅಷ್ಟು ಹೊತ್ತಿಗೆ ನಮ್ಮತ್ತೆ ಮಂಚದಿಂದ ಇಳಿದು, ಮೆಟ್ಟಿಲಿಳಿದು, ಗೆಸ್ಟ್‌ಹೌಸಿನ ಒಡತಿಯ ಅಡುಗೆಮನೆ ಸೇರಿಯಾಗಿತ್ತು. ಒಬ್ಬರಿಗೆ ಕನ್ನಡ ಮಾತ್ರ, ಇನ್ನೊಬ್ಬರಿಗೆ ಲಡಾಖಿ ಮತ್ತು ಹರಕು ಹಿಂದಿ. ಆದರೂ ಅರ್ಧ ಗಂಟೆಯಲ್ಲಿ ನಮ್ಮನೆಯವರಿಗೆ ಮೆಣಸಿನ ಸಾರು ತಯಾರಾಗಿ ಮಹಡಿಗೆ ಬಂತು. ಸಾರಿನ ಲೋಟ ಕೊಡುತ್ತಾ ಅತ್ತೆ ನನಗೆ ಹೇಳಿದರು. "ಡಾಕ್ಟ್ರುಗೆ ನನ್ನೊಬ್ಳುನ್ನೇ ತೋರ್ಸ್ಬುಟ್ಟ ನೋಡು. ತನ್ನ ತೋರ್ಸ್ಕಳಾದು ಮರ್ತ."

ತಪ್ಪು ಒಂಟೆ

ಮೂರನೇ ದಿನ ಎಲ್ಲರೂ ಚೇತರಿಸಿಕೊಂಡು, ಒಂದು ದೊಡ್ಡ ಬೆಟ್ಟ ದಾಟಿ ನುಬ್ರಾ ಕಣಿವೆಗೆ ಹೋದೆವು. ಅಲ್ಲಿ ನಿಜವಾದ ಮರಳುಗಾಡು. ಅಲೆ ಅಲೆಯಾಗಿ ಮರಳು, ಹಿಂದೆ ಹಿಮದ ಬೆಟ್ಟ. ಬೆಂಗಳೂರಿನಲ್ಲಿ ಆಗ ಮನೆ ಕಟ್ಟುವವರು ಒಂದು ಲಾರಿ ಮರಳಿಗೆ ಪಡುತ್ತಿದ್ದ ಪಾಡು ಯಾರಿಗೂ ಬೇಡ. ಅತ್ತೆ ಸೆರಗು ಹೊದ್ದು ನಿಂತು ಆ ವಿಸ್ತಾರವನ್ನೆಲ್ಲ ಕಣ್ಣು ತುಂಬ ನೋಡಿದರು. ಈ ಸೌಂದರ್ಯಕ್ಕೆ ಅವರೂ ಮಾರುಹೋದರೆಂದು ನಾನು ತಿಳಿದೆ.

"ಇಷ್ಟು ಮರಳು ಬಿದ್ದೈತೆ, ಒಬ್ನೂ ಲಾರಿ ತಂದಿಲ್ವಲ್ಲ" ಎಂದರು.

ಮಗನ ಸಮಸ್ಯೆ ಬೇರೆ. ಒಂಟೆ ನೋಡಬೇಕೆಂದು ಬೆಂಗಳೂರಿನಿಂದಲೇ ಕುಣಿಯುತ್ತಿದ್ದವನು, ಒಂಟೆ ಎದುರಿಗೆ ಬಂದಾಗ ಅಳಲು ಶುರುಮಾಡಿದ. ಅಲ್ಲಿಯ ಒಂಟೆಗಳಿಗೆ ಎರಡು ಡುಬ್ಬ. "ಇದು ತಪ್ಪು ಒಂಟೆ! ಪರೀಕ್ಷೇಲಿ ನಾನು ಒಂದೇ ಡುಬ್ಬ ಬರ್ದಿದೀನಿ!" ಎಂದು ಒಂದೇ ಸಮನೆ ರಚ್ಚೆ. ಪರೀಕ್ಷೆ ಮುಗಿದು ಅಂಕ ಬಂದು ಎರಡು ತಿಂಗಳಾಗಿದೆ ಎಂದರೂ ಕೇಳ. ಕೊನೆಗೆ ಎರಡು ಡುಬ್ಬಗಳ ನಡುವೆ ಕೂರಿಸಿದ ಮೇಲೆ ಸಮಾಧಾನವಾಯಿತು. ಹಿಡಿದುಕೊಳ್ಳಲು ಮುಂದೊಂದು, ಒರಗಿಕೊಳ್ಳಲು ಹಿಂದೊಂದು. ಇಳಿಯುವಾಗ, "ಅಮ್ಮಾ, ಒಂದು ಡುಬ್ಬದ್ದೇ ತಪ್ಪು ಒಂಟೆ. ಮಿಸ್‌ಗೆ ಹೇಳು" ಎಂದು ನನಗೆ ಕೆಲಸ ಹಚ್ಚಿದ.

ಮರಳಿನ ಪಕ್ಕದಲ್ಲೇ ಒಂದು ತೊರೆ ಹರಿಯುತ್ತಿತ್ತು. ಇದು ಮುಂದೆ ಹೋಗಿ ದೊಡ್ಡ ನದಿಗೆ, ಅದು ಇನ್ನೂ ಮುಂದೆ ಹೋಗಿ ಸಿಂಧುವಿಗೆ ಸೇರುತ್ತದೆ ಎಂದು ಡ್ರೈವರ್ ಹೇಳಿದ. ಮಗಳು ಅಜ್ಜಿಗೆ ಹೇಳಿದಳು. ಸಿಂಧುವಿನ ನೆಂಟರೆಂದು ತಿಳಿದ ಮೇಲೆ ಅತ್ತೆ ಬಗ್ಗಿ ಮೊಣಕೈವರೆಗೆ ಕೈ ಇಳಿಸಿದರು. ಇಳಿಸಿದಷ್ಟೇ ಬೇಗ ತೆಗೆದರು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರಿಗೆ ಬಂದು ಕೂತರು.

ಕಾರು ಹೊರಟು ಒಂದು ಗಂಟೆಯಾಯಿತು. ಆಮೇಲೆ, ಗಂಡಸರಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದರು. "ಎಲ್ಡು ಮುಳುಗು ನನ್ ಕೈಲಾಗಕಿಲ್ಲ ಕಣಮ್ಮ. ಒಂದಾದ್ರೆ ಎಂಗೋ ಅಲ್ಲು ಕಚ್ಚಿ ಆಕ್ಬುಡ್ತೀನಿ. ಆ ಒಂದ ಯಾರ್ದು ಅಂತ ಆಕ್ಲಿ?"

ಅವರೇ ಹೊರಗಿನ ಬೆಟ್ಟ ನೋಡುತ್ತಾ, "ಅವ್ರುದೇ ಆಕ್ತೀನಿ ಬುಡು. ಅವ್ರು ಇನ್ನ ಬರಕಾಯ್ತದಾ" ಎಂದರು. ಹದಿಮೂರು ವರ್ಷದಿಂದ ಅವರ ಜತೆ ಒಂದೇ ಅಡುಗೆಮನೆಯಲ್ಲಿದ್ದೇನೆ, ಅವರಿಗೆ ಭಯವಾಗಿದ್ದು ನಾನು ನೋಡಿದ್ದು ಅವತ್ತೇ.

ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ತೊಡೆ ತಟ್ಟಿ ಅವರೇ ಸಮಾಧಾನ ಮಾಡಿದರು. "ಎಂಟು ಟ್ರೇ ಆಕಿ ಮಾಡ್ಬೇಕಿತ್ತು ಕಣಮ್ಮ. ನಾಕ್ಕೇ ನಿಲ್ಸಿ ಕೆಟ್ಟೆ."

ಎರಡು ಕ್ಯಾನು

ಲೇಹ್‌ಗೆ ವಾಪಸು ಬಂದ ಸಂಜೆ ನಮ್ಮನೆಯವರು ತಮ್ಮ ಯೋಜನೆಗೆ ಕೈಹಾಕಿದರು. ಡ್ರೈವರನ್ನು ಕರೆದುಕೊಂಡು ಹೋಗಿ ಸಿಂಧುವಿನ ನೀರನ್ನು ಎರಡು ಕ್ಯಾನುಗಳಲ್ಲಿ ತುಂಬಿ ತಂದರು. ಕೆಸರು ತಳಕ್ಕೆ ಇಳಿಯಲೆಂದು ಅವುಗಳನ್ನು ಮೆಟ್ಟಿಲ ಪಕ್ಕದಲ್ಲಿಟ್ಟರು. ಅತ್ತೆ ಈ ಸಲ ವಾದ ಮಾಡಲಿಲ್ಲ. ತೊರೆಗೆ ಕೈ ಹಾಕಿದ ಮೇಲೆ ಕಾಯಿಲಿನ ಮೇಲಿನ ತಿರಸ್ಕಾರ ಸ್ವಲ್ಪ ಕಡಿಮೆಯಾಗಿತ್ತು.

ಮೊದಲು ಕಾಯಿಲ್ ಕೆಲಸ ಮಾಡುತ್ತದೋ ನೋಡೋಣವೆಂದು ನಮ್ಮನೆಯವರು ಅದನ್ನು ನಲ್ಲಿ ನೀರಿನ ಬಕೆಟ್ಟಿಗೆ ಇಳಿಬಿಟ್ಟು ಸ್ವಿಚ್ ಒತ್ತಿದರು. ಟಪ್ ಎಂದು ಒಂದು ಸದ್ದು. ನಮ್ಮ ರೂಮಿನ ದೀಪ ಹೋಯಿತು. ಪಕ್ಕದ ರೂಮಿನದೂ ಹೋಯಿತು. ಕೆಳಗಿನ ಅಂಗಳದ್ದೂ ಹೋಯಿತು. ಗೆಸ್ಟ್‌ಹೌಸಿನ ತಂತಿಗಳಿಗೆ ಅಲ್ಲಾಳಸಂದ್ರದ ಕಾಯಿಲನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ನಮ್ಮನೆಯವರು ಟಾರ್ಚ್ ಹಿಡಿದು ಎಲ್ಲ ರೂಮಿನವರ ಹತ್ತಿರವೂ ಕ್ಷಮೆ ಕೇಳಿಕೊಂಡು ಬಂದರು. ಎಲೆಕ್ಟ್ರಿಷಿಯನ್ ಬೆಳಗ್ಗೆ ಬರುತ್ತಾನಂತೆ. ಒಡತಿ ಒಂದು ಮಾತೂ ಬೈಯಲಿಲ್ಲ. ಮೇಣದ ಬತ್ತಿ ಹಚ್ಚಿ, ಎಲ್ಲರನ್ನೂ ಅಡುಗೆಮನೆಯ ಒಲೆಯ ಸುತ್ತ ಕೂರಿಸಿ, ಬಟ್ಟಲುಗಳ ತುಂಬ ಬಿಸಿಬಿಸಿ ತರಕಾರಿ ಹಾಕಿದ ಶ್ಯಾವಿಗೆ ಸೂಪು ಕೊಟ್ಟಳು. ಅಂಥ ರುಚಿಯಾದ ಸೂಪನ್ನು ನಾನು ಅದಕ್ಕೆ ಮುಂಚೆ ಕುಡಿದಿರಲಿಲ್ಲ. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ಅತ್ತೆಯೂ ಬಟ್ಟಲು ಮುಂದೆ ಚಾಚಿದರು. ಪಕ್ಕದ ರೂಮಿನ ಪಂಜಾಬಿ ದಂಪತಿಗಳು ಪಾತ್ರೆಯ ತಳ ಕಾಣುವವರೆಗೆ ಬಿಡಲಿಲ್ಲ.

ಊಟವಾದ ಮೇಲೆ ನಮ್ಮನೆಯವರಿಗೆ ಒಂದು ಉಪಾಯ ಹೊಳೆಯಿತು. ಕರೆಂಟು ಹೋದರೇನು, ಒಲೆ ಇದೆಯಲ್ಲ. ಒಲೆಯ ಮೇಲೆ ನೀರು ಕಾಯಿಸೋಣವೆಂದು ಮೆಟ್ಟಿಲ ಹತ್ತಿರ ಹೋದರು. ಕ್ಯಾನುಗಳಿದ್ದವು, ನೀರಿರಲಿಲ್ಲ.

ಕರೆಂಟು ಹೋದದ್ದರಿಂದ ಬಾವಿಯ ಪಂಪು ನಿಂತಿತ್ತು. ಪಂಪು ನಿಂತದ್ದರಿಂದ ಅಡುಗೆಮನೆಯ ನಲ್ಲಿ ಒಣಗಿತ್ತು. ಈ ಅತಿಥಿಗಳು ಎಷ್ಟು ಮುಂದಾಲೋಚನೆಯವರು, ಮೊದಲೇ ನೀರು ತಂದಿಟ್ಟಿದ್ದಾರೆ ಎಂದು ಆ ಮಹಾತಾಯಿ ಎರಡೂ ಕ್ಯಾನುಗಳನ್ನು ಸೋಸಿ, ಕುದಿಸಿ, ಸೂಪು ಮಾಡಿದ್ದಳು. ಈಗ ನಮಗೆ ಮತ್ತೆ ಮತ್ತೆ ಕೈಮುಗಿದು ಧನ್ಯವಾದ ಹೇಳುತ್ತಿದ್ದಳು.

ವಿಷಯ ತಿಳಿದು ಎಲ್ಲರೂ ಅತ್ತೆಯ ಮುಖ ನೋಡಿದೆವು. ಅವರು ಖಾಲಿ ಬಟ್ಟಲನ್ನು ಕೆಳಗಿಟ್ಟು, ನಿಟ್ಟುಸಿರು ಬಿಟ್ಟರು. "ಪಂಜಾಬಿಯೋರ್ಗೂ ಪುಣ್ಯ ಬಂತು. ಎಲ್ರುದೂ ಒಟ್ಟೆ ಒಳಗೆ ಓಯ್ತು. ನನ್ ತಲೆ ಮಾತ್ರ ಒಣ್ಗೈತೆ."

ಮುಳುಗು

ಉಳಿದದ್ದು ಒಂದೇ ದಿನ. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಏರಿದ ಮೇಲೆ ಸಿಂಧುವಿನ ಸೋಪಾನಕ್ಕೆ ಹೋದೆವು. ಅಗಲವಾದ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ, ಅದರಾಚೆ ಬೂದು ಬಣ್ಣದ ನೀರು ಸದ್ದು ಮಾಡುತ್ತಾ ಓಡುತ್ತಿತ್ತು. ನಕಾಶೆಯ ನೀಲಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಅತ್ತೆ ದಡದಲ್ಲಿ ಅರಿಶಿನ ಕುಂಕುಮ ಹಾಕಿ ಪೂಜೆ ಮುಗಿಸಿದರು. ಆಮೇಲೆ ಸೀರೆಯನ್ನು ಸ್ವಲ್ಪ ಮೇಲೆತ್ತಿ ಕಟ್ಟಿದರು. ನ‌ಮ್ಮನೆಯವರು ಅಡ್ಡ ಬಂದು ನಿಂತರು. ಮೂರು ಸ್ವೆಟರು, ಮೇಲೊಂದು ಜಾಕೆಟ್ಟು, ಮಂಕಿಕ್ಯಾಪು, ಬಾಡಿಗೆಗೆ ತಂದ ಗಂಬೂಟು.

"ಅಮ್ಮಾ, ಮುಳುಗೋದಿಲ್ಲ. ಡಾಕ್ಟ್ರು ಹೇಳಿದಾರೆ, ನಾನೂ ಹೇಳ್ತಿದೀನಿ. ನೀನು ಈ ಮೆಟ್ಟಿಲ ಮೇಲೇ ನಿಂತಿರು. ನಾನು ಕೆಳಗೆ ನಿಂತು ನಿನ್ ಚೊಂಬಲ್ಲಿ ಮೊಗೆದು ತಲೆಗೆ ಪ್ರೋಕ್ಷಣೆ ಮಾಡ್ತೀನಿ. ನಿಂದೊಂದು, ಅಪ್ಪಂದೊಂದು. ಲೆಕ್ಕ ಸರಿಹೋಗುತ್ತೆ."

"ಚಿಮುಕ್ಸಿದ್ರೆ ಮುಳುಗು ಎಂಗಾಯ್ತದ್ಲಾ?"

"ಆಗುತ್ತೆ."

ಅತ್ತೆ ನನ್ನ ಕಡೆ ನೋಡಿದರು. ಆ ನೋಟ ಈಗಲೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ದೂರ ಬಂದು, ನದಿ ಎದುರಿಗೇ ಇದ್ದು, ಎರಡು ಹನಿಗೆ ವಾಪಸು ಹೋಗಬೇಕಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು. ನಾನು ಬಾಯಿ ತೆರೆಯಬೇಕೆಂದಿದ್ದೆ. "ರೀ, ಒಂದೇ ಒಂದು..." ಎನ್ನುವಷ್ಟರಲ್ಲಿ ನಮ್ಮನೆಯವರು ಚೊಂಬು ಹಿಡಿದು ಇಳಿದೇಬಿಟ್ಟಿದ್ದರು.

ನೀರಿನೊಳಗಿನ ಮೊದಲ ಮೆಟ್ಟಿಲು ಸರಿಯಾಗಿತ್ತು. ಎರಡನೆಯದರಲ್ಲಿ ಪಾಚಿಯಿತ್ತು. ಅಲ್ಲಿ ನಿಂತು ಬಗ್ಗಿ ಚೊಂಬನ್ನು ಅದ್ದಿದರು. ಸಿಂಧು ಚೊಂಬನ್ನು ಎಳೆದಳು. ಅಮ್ಮನ ಮದುವೆಯ ಚೊಂಬು, ಇವರು ಬಿಡಲಿಲ್ಲ. ಕಾಲು ಬಿಟ್ಟಿತು. ಜಾಕೆಟ್ಟು, ಸ್ವೆಟರು, ಗಂಬೂಟು, ಹನ್ನೊಂದು ನಿಯಮ ಎಲ್ಲವೂ ಸೇರಿ ದುಡುಂ ಎಂದು ನೀರೊಳಗೆ ಹೋದವು.

ಒಂದು ಕ್ಷಣ ಮೇಲೆ ಏನೂ ಕಾಣಲಿಲ್ಲ. ಸರಪಳಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಡ್ರೈವರ್ ಕೈಹಾಕಿ, ಜಾಕೆಟ್ಟಿನ ಕಾಲರು ಹಿಡಿದು ಒಂದೇ ಎಳೆತಕ್ಕೆ ಮೆಟ್ಟಿಲ ಮೇಲೆ ತಂದು ಕೂರಿಸಿದ. ಕೈಯಲ್ಲಿ ಚೊಂಬು ಹಾಗೆಯೇ ಇತ್ತು. ಮಂಕಿಕ್ಯಾಪು ಮಾತ್ರ ಪಾಕಿಸ್ತಾನದ ಕಡೆ ಹೊರಟುಹೋಗಿತ್ತು.

ಅತ್ತೆ ಮಗನ ಮೈ ಕೈ ಮುಟ್ಟಿ ನೋಡಿದರು. ಪೆಟ್ಟೇನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ತಲೆ ಪೂರ್ತಿ ಮುಳುಗ್ತಾ?" ಎಂದು ಕೇಳಿದರು.

"ಪೂರ್ತಿ ಮುಳುಗ್ತು ಅತ್ತೆ."

"ನೀನು ಕಣ್ಣಾರೆ ಕಂಡ್ಯಾ?"

"ಕಂಡೆ."

"ಸರಿ. ಅದು ನಿಮ್ ಮಾವಂದಾಯ್ತು. ಈಗ ನಂದು."

ಇಷ್ಟು ಹೇಳಿ ಸರಪಳಿ ಹಿಡಿದು ಮೊದಲ ಮೆಟ್ಟಿಲಿಗೆ ಇಳಿದರು. ತಡೆಯಬೇಕಾದವರ ಹಲ್ಲು ಕಟಕಟ ಎನ್ನುತ್ತಿತ್ತು. "ಅ... ಅ... ಅ..." ಎಂಬುದರ ಮುಂದೆ ಅವರಿಗೆ ಅಕ್ಷರ ಹೊರಡಲಿಲ್ಲ. ನಾನು ಅತ್ತೆಯ ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಕಾವೇರಿ, ಗೋದಾವರಿ, ನರ್ಮದೆ, ಗಂಗೆ, ಯಮುನೆ, ಸರಸ್ವತಿ ಎಂದು ಅವರು ಹೇಳುತ್ತಾ ಹೋದರು. ಸಿಂಧು ಎಂಬುದನ್ನು ಆ ಕಣಿವೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೂಗಿ, ದಬಕ್ಕನೆ ಕೂತು, ತಲೆ ಮುಳುಗಿಸಿ ಎದ್ದರು. "ಅಪ್ಪಾ ಶಿವನೇ!" ಎಂಬ ಎರಡನೇ ಕೂಗು ಮೊದಲಿನದಕ್ಕಿಂತ ಜೋರಾಗಿತ್ತು. ಮಕ್ಕಳು ದಡದಲ್ಲಿ ಚಪ್ಪಾಳೆ ತಟ್ಟಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಮುಖವೆಲ್ಲ ಹೇಗೂ ಒದ್ದೆಯಾಗಿತ್ತು.

ಐದು ನಿಮಿಷದಲ್ಲಿ ಇಬ್ಬರಿಗೂ ಒಣ ಬಟ್ಟೆ ಹಾಕಿಸಿ, ಕಂಬಳಿ ಸುತ್ತಿ, ಕಾರಿನೊಳಗೆ ಕೂರಿಸಿ ಹೀಟರ್ ಹಾಕಿದೆವು. ಡ್ರೈವರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಚಹಾ ಒಳಗೆ ಹೋದ ಮೇಲೆ ನಮ್ಮನೆಯವರಿಗೆ ಮಾತು ಬಂತು. ಬೈಯುತ್ತಾರೆ ಎಂದುಕೊಂಡೆ. ಆದರೆ ಅವರ ಕಣ್ಣು ತುಂಬಿತ್ತು.

"ಅಮ್ಮಾ, ಅಪ್ಪ ಇರ್ಬೇಕಿತ್ತು. ಆ ಆರು ನದೀಲಿ ನಿನ್ ಕೈ ಹಿಡ್ಕೊಂಡು ಮುಳುಗಿದೋರು ಇಲ್ಲೂ ಎಷ್ಟು ಖುಷಿಯಾಗಿ ಇಳೀತಿದ್ರು."

ಅತ್ತೆ ಲೋಟ ಕೆಳಗಿಳಿಸಿ ಮಗನನ್ನೇ ನೋಡಿದರು.

"ಯಾರು, ನಿಮ್ಮಪ್ಪನಾ? ಅವ್ರು ಯಾವ ನದೀಗ್ಲಾ ಇಳ್ದಿದ್ರು? ಚಳಿ ಆಯ್ತದೆ ಅಂತ ಎಲ್ಲಾ ಕಡೀಕೂ ದಡದಾಗೆ ಚಪ್ಲಿ ಕಾಯ್ಕಂಡು ಕುಂತಿದ್ರು. ಆರಕ್ಕೆ ಆರೂ ಅವ್ರು ಪಾಲಿನ್ದು ನಾನೇ ಮುಳುಗಿರಾದು. ನಿಮ್ ವಂಸದಾಗೆ ನೀರಿಗೆ ಇಳ್ದಿರಾ ಗಂಡ್ಸು ಅಂದ್ರೆ ನೀನೇ ಮೊದ್ಲು ಕಣ್ಲಾ. ಅದೂ ಬಿದ್ದು."